ಗುರುಬಲ

"ಹುಡುಗಿಗೆ ಗುರುಬಲ ಬಂದಿದೆ, ಇನ್ನು ತಡ ಮಾಡಬೇಡಿ" ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮ ಕಡೆ ಕಡಿಮೆ. ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ, ಹನ್ನೆರಡು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಾನೆ ಎಂಬಷ್ಟು ಖಗೋಳ ನಮಗೆಲ್ಲ ಮದುವೆ ಮಾತುಕತೆಯಲ್ಲೇ ಬಾಯಿಪಾಠವಾಗಿರುತ್ತದೆ. 1986ರಲ್ಲಿ ನನಗೆ ಇಪ್ಪತ್ತೆರಡು. ಜೋಯಿಸರು ಪಂಚಾಂಗ ಮಡಿಸಿಟ್ಟು, "ಇನ್ನೊಂದು ವರ್ಷ ತಡೆಯಿರಿ ಶೆಟ್ಟರೆ, ಮಗುವಿಗೆ ಗುರುಬಲವಿಲ್ಲ" ಎಂದರು. ಅಪ್ಪನ ಮುಖ ಸಪ್ಪಗಾಯಿತು. ನನಗೋ ಒಳಗೊಳಗೇ ಖುಷಿ. ಇನ್ನೊಂದು ವರ್ಷ ಲೈಬ್ರರಿಗೆ ಹೋಗಬಹುದಲ್ಲ!

ಹ್ಯಾಲಿ ಧೂಮಕೇತು ಬಂದಿದ್ದೂ ಆ ವರ್ಷವೇ. ಪತ್ರಿಕೆಗಳ ತುಂಬ ಅದರದೇ ಸುದ್ದಿ. ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ ಅಮ್ಮ, ಅಜ್ಜಿ, ನಾನು ಮೂವರೂ ಶಾಲು ಹೊದ್ದು ತಾರಸಿ ಹತ್ತಿದೆವು. ಆಕಾಶದ ಒಂದು ಮೂಲೆಯಲ್ಲಿ, ಒದ್ದೆ ಬೆರಳಿನಿಂದ ಒರೆಸಿದ ಸುಣ್ಣದ ಗುರುತಿನಂತೆ ಒಂದು ಮಸುಕು ಬೆಳಕು. ಅಷ್ಟೇ. ಅಜ್ಜಿ 1910ರಲ್ಲಿ ಎಂಟು ವರ್ಷದ ಹುಡುಗಿಯಾಗಿದ್ದಾಗ ಇದೇ ಬಾಲದ ಚುಕ್ಕಿಯನ್ನು ನೋಡಿದ್ದವಳು. "ಇಷ್ಟೇನಾ? ಆವತ್ತು ಆಕಾಶಕ್ಕೆ ಪೊರಕೆ ಹಿಡಿದ ಹಾಗಿತ್ತು ಕಣೇ. ಪಾಪ, ಇದಕ್ಕೂ ವಯಸ್ಸಾಯಿತು" ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಅಮ್ಮ ಮಾತ್ರ ಬೇರೆಯದೇ ಪ್ರಶ್ನೆ ಕೇಳಿದಳು. "ಎಪ್ಪತ್ತಾರು ವರ್ಷಕ್ಕೊಂದು ಸಲ ತಪ್ಪದೆ ಬರುತ್ತದೆ ಅಂತ ಪೇಪರಿನಲ್ಲಿ ಬರೆದಿದ್ದಾರಲ್ಲ, ಅದನ್ನು ಮೊದಲು ಲೆಕ್ಕ ಹಾಕಿದವರು ಯಾರೇ?"

"ಹ್ಯಾಲಿ ಅಂತ ಒಬ್ಬ ಇಂಗ್ಲಿಷಿನವನು" ಎಂದು ಹೇಳಿ ನಾನು ಜಾಣೆಯಾದೆ. ನನ್ನ ಉತ್ತರ ಅರ್ಧವಷ್ಟೇ ಸರಿ ಎಂಬುದು ತಿಳಿಯಲು ಎಷ್ಟೋ ವರ್ಷಗಳು ಬೇಕಾದವು. ಈ ಧೂಮಕೇತು ಎಪ್ಪತ್ತಾರು ವರ್ಷಕ್ಕೆ ಸರಿಯಾಗಿ ಬಂದದ್ದೇ ಅಪರೂಪ. ಒಮ್ಮೆ ಬೇಗ, ಒಮ್ಮೆ ತಡ. ಹಾಗೆ ಹೆಚ್ಚುಕಡಿಮೆ ಮಾಡುವವರಲ್ಲಿ ಮುಖ್ಯನಾದವನು ನಮ್ಮ ಪಂಚಾಂಗದ ಗುರುವೇ. ಗುರುವಿನಿಂದ ಎಷ್ಟು ದಿನ ತಡವಾಗುತ್ತದೆ ಎಂಬುದನ್ನು ಮೊದಲ ಬಾರಿಗೆ ಲೆಕ್ಕ ಹಾಕಿದವರು ಮೂವರು. ಆ ಮೂವರಲ್ಲಿ ಒಬ್ಬಳು ಹೆಂಗಸು.

ಆ ಕತೆಗೆ ಮೊದಲು ಗುರುವಿನ ಬಲ ಎಂಥದೆಂದು ಸ್ವಲ್ಪ ನೋಡಬೇಕು. ನಮ್ಮ ಭೂಮಿಯಂಥ 318 ಭೂಮಿಗಳನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದರೆ ಇನ್ನೊಂದು ತಟ್ಟೆಯ ಗುರುವಿಗೆ ಸರಿತೂಗುತ್ತದೆ. ಉಳಿದ ಎಲ್ಲ ಗ್ರಹಗಳನ್ನು ಸೇರಿಸಿ ತೂಗಿದರೂ ಗುರು ಅವುಗಳ ಎರಡೂವರೆಯಷ್ಟು ಭಾರ. ಸೂರ್ಯನ ಮುಂದೆ ಮಾತ್ರ ಅವನು ಸಾವಿರದಲ್ಲೊಂದು ಪಾಲು. ಆದ್ದರಿಂದ ಮನೆಯ ಯಜಮಾನಿಕೆ ಸೂರ್ಯನದೇ. ಗ್ರಹಗಳು, ಧೂಮಕೇತುಗಳು ಎಲ್ಲವೂ ಅವನ ಸುತ್ತಲೇ ತಿರುಗುತ್ತವೆ. ಆದರೆ ದೊಡ್ಡ ಮನೆಯಲ್ಲಿ ಯಜಮಾನನ ಮಾತು ನಡೆಯುತ್ತಿದ್ದರೂ ಹಿರಿಯ ಮಗನ ಕಡೆಯಿಂದ ಹಾದುಹೋಗುವವರು ಅವನ ಮಾತನ್ನೂ ಸ್ವಲ್ಪ ಕೇಳಲೇಬೇಕಲ್ಲ, ಹಾಗೆ ಗುರುವಿನ ಹತ್ತಿರ ಸುಳಿದ ಸಣ್ಣಪುಟ್ಟ ಕಾಯಗಳಿಗೆಲ್ಲ ದಾರಿ ಒಂದಿಷ್ಟು ಬದಲಾಗುತ್ತದೆ.

ಹ್ಯಾಲಿ ಧೂಮಕೇತುವಿನ ದಾರಿ ಸೌತೆಕಾಯಿಯಂತೆ ಉದ್ದನೆಯದು. ಒಂದು ತುದಿ ಸೂರ್ಯನಿಗೆ ಬಲು ಹತ್ತಿರ, ಶುಕ್ರನ ದಾರಿಗಿಂತ ಒಳಗೆ. ಇನ್ನೊಂದು ತುದಿ ನೆಪ್ಚೂನಿಗಿಂತ ಆಚೆ. ಹತ್ತಿರದ ತುದಿಯಲ್ಲಿ ಅದು ಸೆಕೆಂಡಿಗೆ 54 ಕಿಲೋಮೀಟರಿನ ಓಟ ಓಡುತ್ತದೆ. ದೂರದ ತುದಿಯಲ್ಲಿ ಸೆಕೆಂಡಿಗೆ ಒಂದು ಕಿಲೋಮೀಟರೂ ಇಲ್ಲ, ತೆವಳು ನಡಿಗೆ. ದಾರಿಯಲ್ಲಿ ಗುರು ಸಿಕ್ಕಿ, ಅದು ಹೋಗುತ್ತಿರುವ ದಿಕ್ಕಿಗೇ ಎಳೆದನೆನ್ನಿ. ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಬೇಗ ಬರಬೇಕಲ್ಲವೆ ಎಂದು ನಮಗೆ ತೋರುತ್ತದೆ. ಇಲ್ಲ, ತಡವಾಗಿ ಬರುತ್ತದೆ! ಮಕ್ಕಳು ಅಂಗಳದಲ್ಲಿ ಚೆಂಡನ್ನು ಮೇಲಕ್ಕೆ ಎಸೆಯುವುದನ್ನು ನೋಡಿ. ಮೆಲ್ಲಗೆ ಎಸೆದರೆ ಕೂಡಲೆ ಕೈಗೆ ಬರುತ್ತದೆ; ಜೋರಾಗಿ ಎಸೆದರೆ ಹೆಚ್ಚು ಎತ್ತರಕ್ಕೆ ಹೋಗಿ ನಿಧಾನವಾಗಿ ಬರುತ್ತದೆ. ಧೂಮಕೇತುವೂ ಹಾಗೆಯೇ. ಒಂದಿಷ್ಟು ವೇಗ ಹೆಚ್ಚಿದರೆ ಇನ್ನೂ ದೂರ ಹೋಗುತ್ತದೆ, ಆ ದೂರದ ಊರಿನಲ್ಲಿ ತೆವಳುತ್ತ ತಿಂಗಳುಗಟ್ಟಲೆ ಹೆಚ್ಚು ಕಳೆಯುತ್ತದೆ. ಹಿಂದಕ್ಕೆ ಎಳೆದರೆ ದಾರಿ ಚಿಕ್ಕದಾಗಿ, ಬೇಗ ಬಂದುಬಿಡುತ್ತದೆ.

ಎಡ್ಮಂಡ್ ಹ್ಯಾಲಿಗೆ ಇದರ ಸುಳಿವು ಸಿಕ್ಕಿತ್ತು. 1531, 1607, 1682ರಲ್ಲಿ ಕಂಡ ಮೂರು ಧೂಮಕೇತುಗಳ ದಾರಿಯನ್ನು ನ್ಯೂಟನ್ನನ ಸೂತ್ರದಂತೆ ಲೆಕ್ಕ ಹಾಕಿದಾಗ ಮೂರೂ ಒಂದೇ ರೀತಿ ಬಂದವು. ಅವು ಮೂರಲ್ಲ, ಒಂದೇ ಧೂಮಕೇತು ಮತ್ತೆ ಮತ್ತೆ ಬಂದದ್ದು ಎಂದು 1705ರಲ್ಲಿ ಅವನು ಪ್ರಕಟಿಸಿದ. ಆದರೆ ಒಂದು ತೊಡಕಿತ್ತು. ಮೊದಲ ಸುತ್ತಿಗೆ ಹಿಡಿದದ್ದು 76 ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಎರಡನೆಯ ಸುತ್ತಿಗೆ 75 ವರ್ಷವೂ ಇಲ್ಲ. ಒಂದೇ ಧೂಮಕೇತುವಾದರೆ ಹದಿನೈದು ತಿಂಗಳ ವ್ಯತ್ಯಾಸ ಏಕೆ? ಗುರುವಿನ ಎಳೆತವೇ ಕಾರಣವಿರಬೇಕೆಂದು ಹ್ಯಾಲಿ ಊಹಿಸಿದ. 1681ರಲ್ಲಿ ಅದು ಗುರುವಿನ ಹತ್ತಿರ ಹಾದುಬಂದಿತ್ತು, ಆದ್ದರಿಂದ ಮುಂದಿನ ಬಾರಿ ತಡವಾಗಿ, 1758ರ ಕೊನೆಗೋ 1759ರ ಮೊದಲಿಗೋ ಬಂದೀತು ಎಂದ. ಅವನದು ಒಟ್ಟಂದಾಜು. ಎಷ್ಟು ದಿನ ತಡ ಎಂದು ಲೆಕ್ಕ ಕಟ್ಟುವ ಉಪಾಯ ಅವನ ಕಾಲಕ್ಕೆ ಇರಲಿಲ್ಲ. 1742ರಲ್ಲಿ ಹ್ಯಾಲಿ ತೀರಿಕೊಂಡ. ಅದು ಬರುವುದನ್ನು ನೋಡಲು ತಾನಿರುವುದಿಲ್ಲ ಎಂಬುದು ಅವನಿಗೆ ಗೊತ್ತೇ ಇತ್ತು.

ಈಗ 1757ರ ಪ್ಯಾರಿಸ್ ನಗರಕ್ಕೆ ಹೋಗೋಣ. ಧೂಮಕೇತು ಬರುವ ಕಾಲ ಹತ್ತಿರವಾಗಿತ್ತು. ಅಲ್ಲಿ ಅಲೆಕ್ಸಿ ಕ್ಲೆರೋ ಎಂಬ ದೊಡ್ಡ ಗಣಿತಜ್ಞನಿದ್ದ. ಹತ್ತು ವರ್ಷದ ಹಿಂದೆ, ಚಂದ್ರನ ಚಲನೆಯ ಲೆಕ್ಕ ಕೂಡಿಬರದಿದ್ದಾಗ, ನ್ಯೂಟನ್ನನ ನಿಯಮದಲ್ಲೇ ತಪ್ಪಿದೆ ಎಂದು ಹೇಳಿ, ಆಮೇಲೆ ತಪ್ಪು ನಿಯಮದ್ದಲ್ಲ, ಲೆಕ್ಕದ್ದು ಎಂದು 1749ರಲ್ಲಿ ತಾನೇ ಒಪ್ಪಿಕೊಂಡವನು ಅವನು. ಈಗ ನಿಯಮಕ್ಕೆ ಇನ್ನೂ ದೊಡ್ಡ ಪರೀಕ್ಷೆ. ಕಣ್ಣಿಗೆ ಕಾಣದಷ್ಟು ದೂರಕ್ಕೆ ಹೋದ ಒಂದು ಕಾಯ ಯಾವಾಗ ಹಿಂತಿರುಗುತ್ತದೆ ಎಂದು ಮುಂಚಿತವಾಗಿ ಹೇಳುವುದು. ಹೇಳಿದ ಹಾಗೆ ಬಂದರೆ ಸೂರ್ಯನಿಗೆ, ಗುರುವಿಗೆ, ಧೂಮಕೇತುವಿಗೆ ಒಂದೇ ನಿಯಮವೆಂದು ಲೋಕ ಒಪ್ಪುತ್ತದೆ. ಬರದಿದ್ದರೆ?

ಎರಡು ಕಾಯಗಳು ಮಾತ್ರ ಒಂದನ್ನೊಂದು ಸೆಳೆಯುತ್ತಿದ್ದರೆ ಅವುಗಳ ದಾರಿಯನ್ನು ಒಂದು ಸೂತ್ರದಲ್ಲಿ ಹೇಳಿಬಿಡಬಹುದು. ಮೂರನೆಯದು ಬಂದು ಸೇರಿತೋ, ಮುಗಿಯಿತು. ಧೂಮಕೇತುವೂ ಓಡುತ್ತಿರುತ್ತದೆ, ಗುರುವೂ ಓಡುತ್ತಿರುತ್ತಾನೆ. ಇವತ್ತಿನ ಎಳೆತ ನಾಳೆಗಿಲ್ಲ, ದಿಕ್ಕೂ ಬೇರೆ. ಸಾಲದ್ದಕ್ಕೆ ಗುರು ಸೂರ್ಯನನ್ನೇ ಅಷ್ಟಿಷ್ಟು ಕದಲಿಸುತ್ತಾನೆ. ಜೊತೆಗೆ ಶನಿಯದೊಂದು ಬೇರೆ ಎಳೆತ. ಇದಕ್ಕೆ ಇರುವುದು ಒಂದೇ ಉಪಾಯ: ದಾರಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿನಲ್ಲೂ ಗುರು ಎಲ್ಲಿದ್ದ, ಶನಿ ಎಲ್ಲಿದ್ದ, ಎಷ್ಟು ಎಳೆದ ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸುತ್ತ ಹೋಗುವುದು. ಕ್ಲೆರೋ ವಿಧಾನವನ್ನೇನೋ ರೂಪಿಸಿದ. ಅಂಕಿಗಳನ್ನು ಹಾಕುವವರು ಯಾರು? ಅವನು ಇಪ್ಪತ್ತೈದರ ತರುಣ ಖಗೋಳಜ್ಞ ಜೆರೋಮ್ ಲಾಲಾಂದನನ್ನು ಕೇಳಿದ. ಲಾಲಾಂದ್ ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ಅವನು ಶ್ರೀಮತಿ ಲೆಪೋತ್ ಅವರನ್ನು ಜೊತೆಗೆ ಕರೆದುಕೊಂಡ.

ನಿಕೋಲ್-ರೇನ್ ಲೆಪೋತ್ ಹುಟ್ಟಿದ್ದು 1723ರ ಜನವರಿಯಲ್ಲಿ, ಪ್ಯಾರಿಸ್ಸಿನ ಲುಕ್ಸಾಂಬೂರ್ ಅರಮನೆಯಲ್ಲಿ. ರಾಜಕುಮಾರಿಯಲ್ಲ, ತಂದೆ ಅರಮನೆಯ ಊಳಿಗದಲ್ಲಿದ್ದ. ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿ ಬೆಳೆದ ಹುಡುಗಿ. ಜಾನ್-ಆಂದ್ರೆ ಲೆಪೋತ್ ಎಂಬ ಗಡಿಯಾರ ತಯಾರಕನನ್ನು ಮದುವೆಯಾದಳು. ಅವನು ಅರಮನೆಗೇ ಗಡಿಯಾರ ಮಾಡಿಕೊಡುವಷ್ಟು ಹೆಸರುವಾಸಿ. ಗಂಡ ಗಡಿಯಾರಗಳ ಬಗ್ಗೆ 1755ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲೋಲಕದ ಉದ್ದಕ್ಕೂ ಅದರ ತೂಗಾಟಕ್ಕೂ ಇರುವ ಸಂಬಂಧದ ಒಂದು ಕೋಷ್ಟಕವಿದೆ. ಆ ಕೋಷ್ಟಕವನ್ನು ಲೆಕ್ಕ ಹಾಕಿದ್ದು ಹೆಂಡತಿ. ಹೊಸ ಬಗೆಯ ಗಡಿಯಾರವೊಂದನ್ನು ಪರೀಕ್ಷಿಸುವ ಕೆಲಸದಿಂದ ಆ ಮನೆಗೆ ಪರಿಚಯವಾದ ಲಾಲಾಂದ್, ಈಕೆಯ ಲೆಕ್ಕದ ಕೈಯನ್ನು ಅಲ್ಲೇ ಗುರುತಿಸಿದ್ದ. ಧೂಮಕೇತುವಿನ ಕೆಲಸಕ್ಕೆ ಕೂತಾಗ ಅವಳಿಗೆ ಮೂವತ್ತನಾಲ್ಕು ವರ್ಷ.

ಇಲ್ಲಿ ನನಗೆ ನಮ್ಮಮ್ಮ ನೆನಪಾಗುತ್ತಾಳೆ. ನಮ್ಮದು ರಥಬೀದಿಯಲ್ಲಿ ಸಣ್ಣ ಬಟ್ಟೆ ಅಂಗಡಿ. ಬೋರ್ಡಿನ ಮೇಲೆ ತಾತನ ಹೆಸರು, ಪಕ್ಕದಲ್ಲಿ 'ಅಂಡ್ ಸನ್ಸ್'. ಅಪ್ಪನಿಗೆ ಮಾತು ಬಲ್ಲ, ವ್ಯಾಪಾರ ಬಲ್ಲ, ಲೆಕ್ಕವೆಂದರೆ ಆಗದು. ಅಮ್ಮ ರಾತ್ರಿ ಎಲ್ಲರಿಗೂ ಬಡಿಸಿ, ಅಡಿಗೆಮನೆ ಸಾರಿಸಿ, ಕೈ ಒರೆಸಿಕೊಂಡು ಕಿರ್ದಿ ಪುಸ್ತಕದ ಮುಂದೆ ಕೂರುತ್ತಿದ್ದಳು. ರೋಕಡದ್ದು ಒಂದು ಕಡೆ, ಉದ್ರಿಯದು ಒಂದು ಕಡೆ, ಕೊನೆಗೆ ಶಿಲ್ಕು. ಒಂದು ದಿನ ಮೂರೂಕಾಲು ರೂಪಾಯಿ ತಾಳೆಯಾಗದೆ ಹನ್ನೊಂದೂವರೆಯವರೆಗೆ ಹುಡುಕಿದ್ದು ನನಗೆ ನೆನಪಿದೆ. "ಮೂರೂಕಾಲು ತಾನೇ, ಬಿಡಮ್ಮ" ಎಂದರೆ, "ಇವತ್ತು ಬಿಟ್ಟರೆ ನಾಳೆಯ ಪುಟಕ್ಕೂ ಅದೇ ತಪ್ಪು ಹೋಗುತ್ತೆ, ನಾಡಿದ್ದಿನ ಪುಟಕ್ಕೂ ಹೋಗುತ್ತೆ. ದೀಪಾವಳಿ ಹೊತ್ತಿಗೆ ಎಲ್ಲಿಂದ ಬಂತು ಅಂತ ಯಾರು ಹುಡುಕುತ್ತಾರೆ?" ಎನ್ನುತ್ತಿದ್ದಳು.

ಧೂಮಕೇತುವಿನ ಲೆಕ್ಕವೂ ಇಂಥದೇ ಕಿರ್ದಿ. ಒಂದೆರಡು ವರ್ಷದ್ದಲ್ಲ, ಎರಡು ಪೂರ್ಣ ಸುತ್ತುಗಳದು, ನೂರೈವತ್ತು ವರ್ಷದ್ದು. ದಾರಿಯ ಒಂದೊಂದು ಡಿಗ್ರಿಗೂ ಗುರುವಿನ ದೂರ, ಗುರುವಿನ ಎಳೆತ. ಶನಿಯ ದೂರ, ಶನಿಯ ಎಳೆತ. ಒಂದು ಸಾಲಿನಲ್ಲಿ ಅಂಕಿ ತಪ್ಪಿದರೆ ಮುಂದಿನ ಸಾಲುಗಳೆಲ್ಲ ತಪ್ಪು. ಯಂತ್ರವಿಲ್ಲ, ಲಾಗರಿದಮ್ ಕೋಷ್ಟಕ ಮತ್ತು ಹಕ್ಕಿಗರಿಯ ಲೇಖನಿ ಅಷ್ಟೇ. ಆರು ತಿಂಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲೂ ಲೆಕ್ಕ ಮಾಡಿದೆವು ಎಂದು ಲಾಲಾಂದ್ ಬರೆದಿದ್ದಾನೆ. ಆ ಶ್ರಮದಿಂದ ಅವನಿಗೆ ಕಾಯಿಲೆ ಹಿಡಿದು, ಮೈಯ ಪ್ರಕೃತಿಯೇ ಬದಲಾಯಿತಂತೆ. ಶ್ರೀಮತಿ ಲೆಪೋತ್ ಇಲ್ಲದಿದ್ದರೆ ಇಂಥ ಕೆಲಸಕ್ಕೆ ಕೈಹಾಕುವ ಧೈರ್ಯವೇ ಆಗುತ್ತಿರಲಿಲ್ಲ ಎಂದೂ ಅವನು ಹೇಳಿದ್ದಾನೆ.

ಇಷ್ಟು ಆತುರವೇಕೆ ಎನ್ನುತ್ತೀರಾ? ಲೆಕ್ಕ ಮುಗಿಯುವ ಮೊದಲೇ ಧೂಮಕೇತು ಬಂದುಬಿಟ್ಟರೆ ಲೆಕ್ಕಕ್ಕೆ ಬೆಲೆಯೇನು? ಹುಟ್ಟಿದ ಮೇಲೆ ಗಂಡೋ ಹೆಣ್ಣೋ ಹೇಳಿದ ಹಾಗೆ! ಕೊನೆಗೆ ಕೆಲವು ಸಣ್ಣ ಬಾಬತ್ತುಗಳನ್ನು ಕೈಬಿಟ್ಟು, 1758ರ ನವೆಂಬರ್ 14ರಂದು ಕ್ಲೆರೋ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಫಲಿತಾಂಶ ಓದಿದ. ಈ ಬಾರಿಯ ಸುತ್ತು ಹಿಂದಿನದಕ್ಕಿಂತ 618 ದಿನ ಹೆಚ್ಚು. ಅದರಲ್ಲಿ 518 ದಿನ ಗುರುವಿನಿಂದ, 100 ದಿನ ಶನಿಯಿಂದ. 1759ರ ಏಪ್ರಿಲ್ ನಡುವಿನಲ್ಲಿ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ. ಒಂದು ತಿಂಗಳು ಆಚೀಚೆ ಆಗಬಹುದು.

ಒಂದೂವರೆ ತಿಂಗಳೂ ಕಳೆದಿರಲಿಲ್ಲ. ಡಿಸೆಂಬರ್ 25ರ ರಾತ್ರಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಯೋಹಾನ್ ಪಾಲಿಚ್ ಎಂಬ ರೈತ ತನ್ನ ದೂರದರ್ಶಕದಲ್ಲಿ ಅದನ್ನು ಕಂಡ. ಪ್ಯಾರಿಸ್ಸಿನಲ್ಲಿ ಅದಕ್ಕಾಗಿಯೇ ಕಾದು ಕುಳಿತಿದ್ದ ಶಾರ್ಲ್ ಮೆಸ್ಯೇಗೆ ಕಾಣಿಸಿದ್ದು ಜನವರಿ 21ರಂದು. ದೊಡ್ಡ ದೊಡ್ಡವರಿಗಿಂತ ಮೊದಲು ಒಬ್ಬ ಬೇಸಾಯಗಾರನ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಈಗಲೂ ಸಂತೋಷ! ಧೂಮಕೇತು ಸೂರ್ಯನನ್ನು ಸುತ್ತಿದ್ದು 1759ರ ಮಾರ್ಚ್ 13ರಂದು. ಹೇಳಿದ ದಿನಕ್ಕಿಂತ ಒಂದು ತಿಂಗಳು ಮೊದಲು.

ಒಂದು ತಿಂಗಳ ತಪ್ಪು ತಪ್ಪಲ್ಲವೆ ಎಂದು ಕೊಂಕು ತೆಗೆದವರು ಆಗಲೇ ಇದ್ದರು. ಕ್ಲೆರೋನ ಪ್ರತಿಸ್ಪರ್ಧಿ ದಾಲಾಂಬೇರ್ ಅವರಲ್ಲೊಬ್ಬ. ಆದರೆ ಯೋಚಿಸಿ. ಆಗ ಯುರೇನಸ್ ಇದೆಯೆಂದೇ ಗೊತ್ತಿರಲಿಲ್ಲ, ಅದು ಸಿಕ್ಕಿದ್ದು 1781ರಲ್ಲಿ. ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ. ಗುರು ಶನಿಗಳ ತೂಕವೂ ನಿಖರವಾಗಿ ತಿಳಿದಿರಲಿಲ್ಲ. ಇಷ್ಟೆಲ್ಲ ಕೊರತೆಯ ನಡುವೆ ಎಪ್ಪತ್ತಾರು ವರ್ಷದ ಪಯಣದಲ್ಲಿ ಒಂದು ತಿಂಗಳು! ಅಪಶಕುನವೆಂದು ರಾಜರನ್ನೂ ನಡುಗಿಸುತ್ತಿದ್ದ ಧೂಮಕೇತು ಅಂದಿನಿಂದ ಲೆಕ್ಕಕ್ಕೆ ಸಿಕ್ಕುವ ವಸ್ತುವಾಯಿತು. ಗುರುವಿನ ಬಲ ಎಷ್ಟೆಂಬುದು ದಿನಗಳ ಲೆಕ್ಕದಲ್ಲಿ ಲೋಕದ ಮುಂದೆ ಬಂತು.

1759 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ನ್ಯೂಟನ್ನನ ದೊಡ್ಡ ಗ್ರಂಥ 'ಪ್ರಿನ್ಸಿಪಿಯಾ'ವನ್ನು ಫ್ರೆಂಚ್ ಭಾಷೆಗೆ ತಂದವಳು ಎಮಿಲಿ ದು ಶಾತ್ಲೆ ಎಂಬ ಹೆಂಗಸು. 1749ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ಹತ್ತು ವರ್ಷ ಹಾಗೇ ಉಳಿದಿದ್ದ ಆ ಅನುವಾದ ಪೂರ್ತಿಯಾಗಿ ಅಚ್ಚಾಗಿ ಬಂದದ್ದು ಧೂಮಕೇತು ಬಂದ ಈ ವರ್ಷವೇ. ಅದನ್ನು ನೋಡಿಕೊಟ್ಟವನು ಇದೇ ಕ್ಲೆರೋ. ಹೆಂಗಸರ ಬುದ್ಧಿಯನ್ನು ಅರಿಯದವನಲ್ಲ ಅವನು. ಅದಕ್ಕೇ ಮುಂದಿನ ಮಾತು ಹೆಚ್ಚು ನೋಯಿಸುತ್ತದೆ.

1760ರಲ್ಲಿ ಕ್ಲೆರೋ ಧೂಮಕೇತುಗಳ ಬಗ್ಗೆ ತನ್ನ ಪುಸ್ತಕವನ್ನು ಹೊರತಂದ. ಅದರಲ್ಲಿ ಶ್ರೀಮತಿ ಲೆಪೋತ್ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಮಾತು ಇರಲಿಲ್ಲ. ಅದನ್ನು ಕೈಬಿಟ್ಟಿದ್ದು ಈಕೆಯ ಯೋಗ್ಯತೆಯನ್ನು ಕಂಡು ಅಸೂಯೆಪಡುತ್ತಿದ್ದ ಇನ್ನೊಬ್ಬ ಹೆಂಗಸನ್ನು ಮೆಚ್ಚಿಸುವುದಕ್ಕೆ ಎಂದು ಲಾಲಾಂದ್ ಬರೆದಿದ್ದಾನೆ. ಕಾರಣ ಏನೇ ಇರಲಿ, ಅಂಕಿಗಳು ಪುಸ್ತಕದಲ್ಲಿ ಉಳಿದವು, ಅಂಕಿ ಹಾಕಿದವಳ ಹೆಸರು ಜಾರಿಹೋಯಿತು.

ಒಂದು ಸಲ ನಮ್ಮ ಅಂಗಡಿಯ ಲೆಕ್ಕ ನೋಡಲು ತೆರಿಗೆಯ ಅಧಿಕಾರಿಯೊಬ್ಬರು ಬಂದಿದ್ದರು. ಪುಸ್ತಕ ತಿರುವಿಹಾಕಿ, "ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ ಶೆಟ್ಟರೆ, ಇಷ್ಟು ಚೆನ್ನಾದ ಕಿರ್ದಿ ಈ ಬೀದಿಯಲ್ಲೇ ನೋಡಿಲ್ಲ" ಎಂದರು. ಅಪ್ಪ ನಕ್ಕರು. ಅಮ್ಮ ಒಳಗಿನಿಂದ ಕಾಫಿ ತಂದಿಟ್ಟು ಹೋದಳು. ಅಪ್ಪ ಕೆಟ್ಟವರಲ್ಲ, ಸುಳ್ಳನ್ನೂ ಹೇಳಲಿಲ್ಲ. ಸುಮ್ಮನಿದ್ದರು ಅಷ್ಟೇ. ಎಷ್ಟೋ ಹೆಂಗಸರ ಹೆಸರುಗಳು ಹೋಗಿರುವುದು ಇಂಥ ಸುಮ್ಮನಿರುವಿಕೆಯಲ್ಲೇ.

ಲೆಪೋತ್ ಅಳುತ್ತ ಕೂರಲಿಲ್ಲ. ಲಾಲಾಂದ್ ಸಂಪಾದಿಸುತ್ತಿದ್ದ, ಪ್ಯಾರಿಸ್ಸಿನಿಂದ ಪ್ರತಿವರ್ಷ ಹೊರಡುತ್ತಿದ್ದ ಖಗೋಳ ಪಂಚಾಂಗಕ್ಕೆ ವರ್ಷಾನುಗಟ್ಟಲೆ ಲೆಕ್ಕ ಮಾಡಿಕೊಟ್ಟಳು. 1764ರ ಏಪ್ರಿಲ್ 1ರ ಕಂಕಣ ಸೂರ್ಯಗ್ರಹಣ ಯುರೋಪಿನ ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕಿ ನಕ್ಷೆ ತಯಾರಿಸಿದಳು. ಬೆಝಿಯೇ ಎಂಬ ಊರಿನ ಅಕಾಡೆಮಿ ಅವಳನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಮಕ್ಕಳಿರಲಿಲ್ಲ, ಗಂಡನ ಕಡೆಯ ಹುಡುಗನೊಬ್ಬನನ್ನು ಕರೆತಂದು ಖಗೋಳ ಕಲಿಸಿದಳು. ಅವನೂ ಖಗೋಳಜ್ಞನಾಗಿ, ಲಾ ಪೆರೂಸ್‌ನ ಸಮುದ್ರಯಾನದಲ್ಲಿ ಹೋಗಿ ಹಿಂತಿರುಗಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಕಾಯಿಲೆಬಿದ್ದ ಗಂಡನ ಆರೈಕೆಯಲ್ಲೇ ದಿನ ಕಳೆದಳು. ಅಷ್ಟು ಅಂಕಿಗಳನ್ನು ನೋಡಿದ ಕಣ್ಣುಗಳೂ ಮಂಜಾದವು. 1788ರ ಡಿಸೆಂಬರ್ 6ರಂದು ತೀರಿಕೊಂಡಳು. ಇವತ್ತು ಚಂದ್ರನ ಮೇಲಿನ ಒಂದು ಕುಳಿಗೆ, ಸೂರ್ಯನನ್ನು ಸುತ್ತುವ ಒಂದು ಕ್ಷುದ್ರಗ್ರಹಕ್ಕೆ ಅವಳ ಹೆಸರಿದೆ.

ಗುರು ಮಾತ್ರ ತನ್ನ ಕೆಲಸ ನಿಲ್ಲಿಸಿಲ್ಲ. ಲೆಪೋತ್ ಬದುಕಿದ್ದಾಗಲೇ ಇನ್ನೊಂದು ವಿಚಿತ್ರ ನಡೆಯಿತು. 1770ರಲ್ಲಿ ಮೆಸ್ಯೇ ಒಂದು ಹೊಸ ಧೂಮಕೇತುವನ್ನು ಕಂಡ. ಅದು ಭೂಮಿಯಿಂದ ಚಂದ್ರನ ದೂರದ ಆರರಷ್ಟು ದೂರದಲ್ಲಿ ಹಾದುಹೋಯಿತು. ಲೆಕ್ಸೆಲ್ ಎಂಬ ಗಣಿತಜ್ಞ ಲೆಕ್ಕ ಹಾಕಿ, ಇದು ಐದೂವರೆ ವರ್ಷಕ್ಕೊಮ್ಮೆ ಬರಬೇಕು ಎಂದ. ಹಾಗಾದರೆ ಹಿಂದೆ ಏಕೆ ಯಾರೂ ನೋಡಿಲ್ಲ? 1767ರಲ್ಲಿ ಗುರುವೇ ಅದನ್ನು ಎಳೆದು ಈ ಕಡೆಗೆ ತಿರುಗಿಸಿದ್ದ. ಮತ್ತೆ 1779ರಲ್ಲಿ ಅದು ಗುರುವಿನ ಹತ್ತಿರ ಹೋಯಿತು, ಅಲ್ಲಿಂದ ಎತ್ತಲೋ ಹೊರಗೆ ಎಸೆಯಲ್ಪಟ್ಟಿತು. ಆಮೇಲೆ ಕಾಣಲೇ ಇಲ್ಲ. ತವರಿನಿಂದ ಕರೆತಂದವನೂ ಅವನೇ, ಮನೆಯಿಂದ ಹೊರಗೆ ಹಾಕಿದವನೂ ಅವನೇ!

ಮಂಗಳನಿಗೂ ಗುರುವಿಗೂ ನಡುವೆ ಕ್ಷುದ್ರಗ್ರಹಗಳ ದೊಡ್ಡ ಹಿಂಡೇ ಇದೆ. ಆ ಹಿಂಡಿನಲ್ಲಿ ಕೆಲವು ಜಾಗಗಳು ಬಹುಮಟ್ಟಿಗೆ ಖಾಲಿ. ಇದನ್ನು 1866ರಲ್ಲಿ ಹೇಳಿದವನು ಅಮೆರಿಕದ ಡೇನಿಯಲ್ ಕರ್ಕ್‌ವುಡ್. ಗುರು ಒಂದು ಸುತ್ತು ಬರುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಬರುವ ಜಾಗ, ಎರಡು ಸುತ್ತು ಬರುವ ಜಾಗ, ಇಂಥವು. ಅಲ್ಲಿರುವ ಕಲ್ಲಿಗೆ ಗುರುವಿನ ಎಳೆತ ಮತ್ತೆ ಮತ್ತೆ ಒಂದೇ ಲಯದಲ್ಲಿ ಸಿಕ್ಕುತ್ತದೆ. ತೊಟ್ಟಿಲನ್ನು ನಾವು ಜೋರಾಗಿ ತಳ್ಳುವುದಿಲ್ಲ. ಸರಿಯಾದ ಹೊತ್ತಿಗೆ ಬೆರಳು ತಾಗಿಸಿದರೂ ಸಾಕು, ಪ್ರತಿಸಲಕ್ಕೂ ತೂಗಾಟ ಹೆಚ್ಚುತ್ತದೆ. ಹಾಗೆಯೇ ಆ ಕಲ್ಲುಗಳ ದಾರಿ ಕಾಲಕಾಲಕ್ಕೆ ಹೆಚ್ಚು ಹೆಚ್ಚು ಉದ್ದವಾಗಿ, ಕೊನೆಗೆ ಅವು ಅಲ್ಲಿಂದ ಜಾಗ ಖಾಲಿ ಮಾಡುತ್ತವೆ.

1994ರ ಜುಲೈ ನಿಮಗೆ ನೆನಪಿರಬಹುದು. ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ ಗುರುಗ್ರಹದ ಮೇಲೆ ಕಪ್ಪು ಕಲೆಗಳ ಚಿತ್ರಗಳು. ಗುರು ಎಷ್ಟೋ ವರ್ಷಗಳ ಹಿಂದೆ ಒಂದು ಧೂಮಕೇತುವನ್ನು ಸೂರ್ಯನಿಂದ ಕಿತ್ತುಕೊಂಡು ತನ್ನ ಸುತ್ತಲೇ ತಿರುಗುವಂತೆ ಮಾಡಿಕೊಂಡಿದ್ದ. 1992ರಲ್ಲಿ ಅದು ತೀರ ಹತ್ತಿರ ಬಂದಾಗ, ಹತ್ತಿರದ ಪಾರ್ಶ್ವಕ್ಕೆ ಹೆಚ್ಚು ಎಳೆತ, ದೂರದ ಪಾರ್ಶ್ವಕ್ಕೆ ಕಡಿಮೆ ಎಳೆತವಾಗಿ ಚೂರುಚೂರಾಯಿತು. ಇಪ್ಪತ್ತಕ್ಕೂ ಹೆಚ್ಚು ಚೂರುಗಳು 1994ರ ಜುಲೈ 16ರಿಂದ 22ರವರೆಗೆ ಒಂದರ ಹಿಂದೊಂದು ಗುರುವಿಗೆ ಬಡಿದವು. ಒಂದು ಕಲೆಯಂತೂ ನಮ್ಮ ಭೂಮಿಯಷ್ಟೇ ಅಗಲ. 1993ರ ಮಾರ್ಚಿನಲ್ಲಿ ಆ ಧೂಮಕೇತುವನ್ನು ಫಿಲ್ಮಿನಲ್ಲಿ ಮೊದಲು ಗುರುತಿಸಿದ ಕಣ್ಣು ಯಾರದು ಗೊತ್ತೆ? ಕ್ಯಾರೊಲಿನ್ ಶೂಮೇಕರ್ ಎಂಬಾಕೆಯದು. ಓದಿದ್ದು ಇತಿಹಾಸ, ಸಾಹಿತ್ಯ. ಮೂರು ಮಕ್ಕಳನ್ನು ಬೆಳೆಸಿ, ಅವರೆಲ್ಲ ತಮ್ಮ ದಾರಿ ಹಿಡಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಗಂಡನ ಜೊತೆ ಆಕಾಶ ಹುಡುಕಲು ಕೂತವಳು. 32 ಧೂಮಕೇತುಗಳನ್ನು ಕಂಡುಹಿಡಿದಳು. ಆ ಧೂಮಕೇತುವಿನ ಹೆಸರು ಶೂಮೇಕರ್-ಲೆವಿ 9. ಅದರಲ್ಲಿರುವ ಶೂಮೇಕರ್ ಗಂಡನ ಹೆಸರು ಮಾತ್ರವಲ್ಲ, ಅವಳದೂ ಹೌದು. ಲೆಪೋತ್ ಕಾಲದಿಂದ ಇಲ್ಲಿಗೆ ಅಷ್ಟಾದರೂ ದಾರಿ ಸಾಗಿದೆ. 2021ರಲ್ಲಿ ಆಕೆ ತೀರಿಕೊಂಡಳು.

ನಮ್ಮ ತಾರಸಿಯಿಂದ ಕಂಡ ಹ್ಯಾಲಿ ಧೂಮಕೇತು 2023ರ ಡಿಸೆಂಬರಿನಲ್ಲಿ ತನ್ನ ದಾರಿಯ ದೂರದ ತುದಿ ಮುಟ್ಟಿ ಈ ಕಡೆಗೆ ತಿರುಗಿದೆ. 2061ರ ಜುಲೈ 28ಕ್ಕೆ ಸೂರ್ಯನ ಹತ್ತಿರ ಬರುತ್ತದೆಂದು ಈಗಿನ ಲೆಕ್ಕ. ಕಂಪ್ಯೂಟರು ಕ್ಷಣದಲ್ಲಿ ಹೇಳಿಬಿಡುತ್ತದೆ. ಆದರೆ ಅದು ಮಾಡುವುದೂ ದಾರಿಯನ್ನು ತುಂಡು ತುಂಡು ಮಾಡಿ, ಗ್ರಹಗಳ ಎಳೆತ ಕೂಡಿಸುವ ಅದೇ ಕಿರ್ದಿಯ ಕೆಲಸವನ್ನೇ. ಆವತ್ತು ನಾನಿರುವುದಿಲ್ಲ, ನನ್ನ ಮೊಮ್ಮಗಳು ನೋಡಬಹುದು.

ಲೆಪೋತ್ ಕತೆಯನ್ನು ಓದಿದ ವಾರವೇ ಅಮ್ಮನಿಗೆ ಹೇಳಿದ್ದೆ. ಆಗ ಅವಳಿಗೆ ಎಪ್ಪತ್ತರ ಮೇಲಾಗಿತ್ತು. ಅಪ್ಪ ಹೋಗಿದ್ದರು, ಅಂಗಡಿ ತಮ್ಮನ ಕೈಗೆ ಬಂದಿತ್ತು. ಹುರುಳಿಕಾಯಿ ನಾರು ತೆಗೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೆಸರು ಬಿಟ್ಟುಹೋದ ಮಾತಿಗೆ ಬೇಸರ ಮಾಡಿಕೊಂಡಾಳು ಎಂದು ಕಾದೆ. ಅವಳು ಕೇಳಿದ್ದು ಒಂದೇ: "ಕೊನೆಗೆ ತಾಳೆ ಆಯಿತಾ?"

"ಒಂದು ತಿಂಗಳು ವ್ಯತ್ಯಾಸ ಬಂತಮ್ಮ."

"ನೂರೈವತ್ತು ವರ್ಷದ ಲೆಕ್ಕದಲ್ಲಿ ಒಂದು ತಿಂಗಳಾ? ಅಷ್ಟು ಬರುತ್ತೆ ಬಿಡು. ಕೈಲೆಕ್ಕ ಅಲ್ಲವಾ?" ಎಂದಳು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾರನ್ನೆಲ್ಲ ಮೊರದ ಒಂದು ಬದಿಗೆ ಸರಿಸಿ, ತಲೆಯೆತ್ತಿ ಕೇಳಿದಳು: "ಅವಳ ಹೆಸರು ಏನಂದೆ? ಇನ್ನೊಂದು ಸಲ ಹೇಳು."